ಎಷ್ಟನೇ ಮಗು

ಕಾಫಿ ಹೂವಾದ ವಾರ ನನ್ನನ್ನು ಯಾವ ಲೆಕ್ಕಪತ್ರದ ಕೆಲಸಕ್ಕೂ ಹಚ್ಚಬಾರದು. ಇದನ್ನು ನಮ್ಮ ಸೂಪರ್‌ವೈಸರ್ ಮೇಡಂಗೆ ಹೇಳಿದರೆ ನಗುತ್ತಾರೆ. ಅವರು ಬಯಲುಸೀಮೆಯವರು, ಅವರಿಗೆ ಗೊತ್ತಾಗುವುದಿಲ್ಲ. ಮೊದಲ ಮಳೆ ಬಿದ್ದು ಎಂಟು ದಿನಕ್ಕೆ ಬೆಳಗೆದ್ದು ನೋಡಿದರೆ ಗುಡ್ಡದ ಮೇಲಿಂದ ಹಳ್ಳದವರೆಗೆ ಗಿಡವೆಲ್ಲ ಬೆಳ್ಳಗಾಗಿರುತ್ತದೆ. ಆ ವಾಸನೆ ತಲೆಗೇರಿ ಕೂತರೆ ಮನುಷ್ಯ ನಡೆಯುತ್ತಿದ್ದರೂ ಅರ್ಧ ನಿದ್ದೆಯಲ್ಲಿರುತ್ತಾನೆ. ಜೇನು ಬೇರೆ ಎಲ್ಲ ಕಡೆಯಿಂದ ಒಂದೇ ಸಮ ಗುಂಯ್ ಎನ್ನುತ್ತಿರುತ್ತದೆ. ಭುವನಾಳ ಅರ್ಜಿಯಲ್ಲಿ ನಾನು ತಪ್ಪು ಬರೆದದ್ದು ಇಂಥ ಒಂದು ಮಧ್ಯಾಹ್ನ. ತಪ್ಪನ್ನು ಹೂವಿನ ಮೇಲೆ ಹೊರಿಸಬಹುದಿತ್ತು, ಆದರೆ ನಿಜ ಹೇಳಬೇಕೆಂದರೆ ಅದು ನನ್ನ ಜಂಬದಿಂದ ಆದದ್ದು.

ನಾನು ಪ್ರೇಮಲತಾ. ಮನೆ ಕೊಟ್ಟಿಗೆಹಾರದಲ್ಲಿ, ಕೆಲಸ ಜಾವಳಿಯಿಂದ ಎರಡು ಮೈಲಿ ಮೇಲಿನ ಅಂಗನವಾಡಿಯಲ್ಲಿ. ಟೀಚರ್ ಆಗಿ ಇಪ್ಪತ್ತೊಂದು ವರ್ಷವಾಯಿತು, ಆದರೆ ಆ ಊರಿಗೆ ಹೋಗಿ ಎರಡು ವಾರವಾಗಿತ್ತಷ್ಟೆ. ಹಿಂದಿನ ಟೀಚರ್ ನಿವೃತ್ತರಾಗುವಾಗ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿ ಭುವನಾಳ ಹೆಸರಿತ್ತು. ಹೆರಿಗೆಯಾಗಿದೆ, ಮಾತೃ ವಂದನೆಯ ಸಹಾಯಧನಕ್ಕೆ ಅರ್ಜಿ ಹಾಕಿಸಿಲ್ಲ, ಮಾವನವರು ಬೇಡ ಅನ್ನುತ್ತಾರೆ ಎಂದು ಬರೆದಿದ್ದರು.

ಮಾವ ಸೋಮಶೇಖರಪ್ಪನವರದು ಮೂರು ಎಕರೆ ಕಾಫಿ. ಗೇಟಿಗೆ ಮಾತ್ರ ಎಸ್ಟೇಟ್ ಎಂದು ಬೋರ್ಡು. ಎಸ್ಟೇಟಿನವರು ಹೆರಿಗೆಗೆ ಸರ್ಕಾರದ ಮುಂದೆ ಕೈಯೊಡ್ಡುವುದೇ ಎಂದು ಅವರ ವಾದ. ವರ್ಷಕ್ಕೆ ಮೂರು ಸಲ ಬರುವ ಕಿಸಾನ್ ದುಡ್ಡಿಗೆ ಈ ಸಂಕೋಚ ಇಲ್ಲವಲ್ಲ ಎಂದು ನಾನು ಕೇಳಿದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಸ್ಪ್ರಿಂಕ್ಲರ್ ನೋಡಲು ಹೋಗಿಬಿಟ್ಟರು. ಅದನ್ನೇ ಒಪ್ಪಿಗೆ ಎಂದು ತಿಳಿದು ನಾನು ಒಳಗೆ ಹೋದೆ.

ಬಾಣಂತಿ ಕೋಣೆ ಬೆಚ್ಚಗಿತ್ತು. ಕಿಟಕಿ ಮುಚ್ಚಿ ಸಾಂಬ್ರಾಣಿ ಹಾಕಿದ್ದರು. ತಲೆಗೆ ಉಲ್ಲನ್ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ಮೇಲೊಂದು ಸ್ವೆಟರ್ ಹಾಕಿಕೊಂಡು ಭುವನಾ ಗೋಡೆಗೆ ಒರಗಿದ್ದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಮಡಿಲಲ್ಲಿ ಇಪ್ಪತ್ತೆರಡು ದಿನದ ಗಂಡುಮಗು. ಅತ್ತೆ ಶಂಕರಮ್ಮ ಬಾಗಿಲಲ್ಲೇ ನಿಂತಿದ್ದರು. ಗಟ್ಟಿಮುಟ್ಟಾದ ಕಪ್ಪಗಿನ ಹೆಂಗಸು, ಮಾತಿಗೆ ಬಾಯಿ ತೆರೆದರೆ ಒಂದು ಅಪ್ಪಣೆ. ಬಾಗಿಲು ಹಾಕಿ, ಗಾಳಿ ಬರುತ್ತೆ ಅಂದರು. ಮಗುವಿನ ಮುಖಕ್ಕೆ ಫೋನ್ ಹಿಡೀಬೇಡಿ ಅಂದರು. ತಾಯಿ ಕಾರ್ಡ್ ಎಲ್ಲಿ ಎಂದರೆ, ಮಗ ರುದ್ರೇಶ್ ಜನನ ಪ್ರಮಾಣಪತ್ರಕ್ಕೆಂದು ಮೂಡಿಗೆರೆಗೆ ಒಯ್ದಿದ್ದಾನೆ ಅಂದರು.

ಕಾರ್ಡ್ ಇಲ್ಲದಿದ್ದರೆ ಇನ್ನೊಂದು ದಿನ ಬರಬೇಕಿತ್ತು. ನಾನು ಬರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಬಾಣಂತಿಯರನ್ನು ನೋಡಿಲ್ಲ, ಕಾರ್ಡಿನಲ್ಲಿ ಇನ್ನೇನಿರುತ್ತದೆ ಎಂದುಕೊಂಡೆ. ಫೋನಿನಲ್ಲಿ ಅರ್ಜಿ ತುಂಬುತ್ತ ಎಷ್ಟನೇ ಮಗು ಎಂಬ ಪ್ರಶ್ನೆ ಬಂದಾಗ ನಾನು ಕೇಳಲೇ ಇಲ್ಲ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಎರಡನೆಯದು ಗಂಡನ ಮನೆಯಲ್ಲಿ. ಬಾಣಂತಿ ಅತ್ತೆಯ ಮನೆಯಲ್ಲಿ ಮಲಗಿದ್ದಾಳೆ ಅಂದರೆ ಅದು ಎರಡನೆಯದೇ. ದೊಡ್ಡದು ಎಲ್ಲೋ ತೋಟದಲ್ಲಿ ಆಡುತ್ತಿರಬೇಕು. ಎರಡು ಎಂದು ಒತ್ತಿದೆ. ಮಗು ಆಕಳಿಸಿತು, ನನಗೂ ಆಕಳಿಕೆ ಬಂತು. ಶಂಕರಮ್ಮ ಕೊಟ್ಟ ಕಾಫಿ ಕುಡಿದು ಹೂವಿನ ನಡುವೆ ಇಳಿದು ಬಸ್ಸಿಗೆ ಹೋದೆ.

ಆ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಅರ್ಜಿ ಹೋದದ್ದು ನಾನು ಕೊಟ್ಟಿಗೆಹಾರ ತಲುಪಿದ ಮೇಲೆ. ಉತ್ತರವೂ ಅಲ್ಲೇ ಬಂತು. ಮೊದಲ ಮಗುವಾದರೆ ಗಂಡಾಗಲಿ ಹೆಣ್ಣಾಗಲಿ ಸಹಾಯಧನ ಉಂಟು. ಎರಡನೆಯದಾದರೆ ಹೆಣ್ಣಿಗೆ ಮಾತ್ರ. ಎರಡನೆಯದು, ಗಂಡು, ಆದ್ದರಿಂದ ಅರ್ಹರಲ್ಲ. ನಾನು ರುದ್ರೇಶನಿಗೆ ಫೋನ್ ಮಾಡಿ ಹೀಗಾಯಿತಪ್ಪ ಎಂದೆ. ದೊಡ್ಡ ಮಗು ಅಂತ ಯಾರೂ ಇಲ್ಲ ಟೀಚರ್, ಅದು ಹೊಟ್ಟೆಯಲ್ಲೇ ಹೋಯಿತು ಎಂದ. ತಾಯಿ ಕಾರ್ಡಿನ ಫೋಟೋ ಕಳಿಸಿದ. ಹಿಂದಿನ ಹೆರಿಗೆ ಒಂದು, ಬದುಕಿರುವ ಮಕ್ಕಳು ಸೊನ್ನೆ ಎಂದು ನರ್ಸ್ ಬರೆದಿದ್ದಳು.

ಅವತ್ತು ನನಗೆ ಊಟ ಸೇರಲಿಲ್ಲ. ಕೇಳಿದ್ದರೆ ಆಗುತ್ತಿತ್ತು. ಒಂದೇ ಒಂದು ಪ್ರಶ್ನೆ.

ನಿಯಮವೇನೋ ಸ್ಪಷ್ಟವಾಗಿತ್ತು. ಹೊಟ್ಟೆಯಲ್ಲೇ ತೀರಿಹೋದ ಮಗು ಈ ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ. ಈಗ ಹುಟ್ಟಿದ್ದೇ ಮೊದಲನೆಯದು. ಮೇಡಂ ಅರ್ಜಿಯನ್ನು ತಿದ್ದಲು ವಾಪಸ್ ಕಳಿಸಿದರು, ಶುಕ್ರವಾರದೊಳಗೆ ಮುಗಿಸಿ ಎಂದರು. ತಿದ್ದುವಾಗ ತಾಯಿಯ ಬಾಯಿಂದಲೇ ಕೇಳಿ ಬರೆದು, ಗುರುತಿಗೆ ಅವಳ ಮುಖವನ್ನು ಫೋನಿಗೆ ತೋರಿಸಬೇಕು. ಇದೆಂಥ ದೊಡ್ಡ ಕೆಲಸ ಎಂದುಕೊಂಡು ಮರುದಿನವೇ ಹೋದೆ. ತಪ್ಪು ತಿದ್ದಲು ಹೋಗುವ ಮನುಷ್ಯನಿಗೆ ಒಂದು ಹುರುಪು ಇರುತ್ತದಲ್ಲ, ಅದು ನನಗಿತ್ತು.

ಶಂಕರಮ್ಮ ಹಂಡೆಗೆ ಬೆಂಕಿ ಹಾಕಲು ಹೋಗಿದ್ದರು. ನಾನು ಭುವನಾಳ ಪಕ್ಕ ಕೂತು ಕ್ಷಮೆ ಕೇಳಿ, ಇವನೇ ಮೊದಲನೆಯವನು ಎಂದು ನೀನು ಒಂದು ಮಾತು ಹೇಳಿದರೆ ಸಾಕು ಎಂದೆ. ಅವಳು ಮಗುವಿನ ಟೋಪಿಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ, ಅದು ಎರಡು ಅಂತಲೇ ಇರಲಿ ಎಂದಳು.

ದುಡ್ಡು ಬರುವುದಿಲ್ಲ ಎಂದು ವಿವರಿಸಿದೆ. ಗೊತ್ತು ಎಂದಳು. ಸುಳ್ಳು ಹೇಳಿದ ಹಾಗೇನೂ ಆಗುವುದಿಲ್ಲ, ಸರ್ಕಾರವೇ ಹಾಗೆ ಲೆಕ್ಕ ಹಿಡಿಯುತ್ತದೆ ಎಂದೆ. ಅದೂ ಗೊತ್ತು ಎಂದಳು. ನನಗೆ ಸಿಟ್ಟು ಬಂತು. ಬಿಸಿಲಲ್ಲಿ ಎರಡು ಮೈಲಿ ಹತ್ತಿ ಬಂದವಳಿಗೆ ಹೀಗಾ ಎನಿಸಿತು. ಆಗ ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ಅವ್ಳ ವಿಷ್ಯ ಯಾರೂ ಎತ್ತಲ್ಲ ಟೀಚರ್. ಇಲ್ಲೂ ಎತ್ತಲ್ಲ, ತವರಲ್ಲೂ ಎತ್ತಲ್ಲ. ಹೆಸ್ರಿಲ್ಲ, ಒಂದು ಫೋಟೋ ಇಲ್ಲ. ನೀವು ಎರಡು ಅಂತ ಬರ್ದಿದೀರಿ ಅಂತ ಇವ್ರು ಹೇಳ್ದಾಗ, ಒಂದು ಕಡೆ ಆದ್ರೂ ಅವ್ಳು ಇದಾಳಲ್ಲ ಅನ್ನಿಸ್ತು."

ತಾಯಿ ಕಾರ್ಡಿನಲ್ಲೂ ಬರೆದಿದೆಯಲ್ಲ ಎಂದೆ. ಅದರಲ್ಲಿ ಸೊನ್ನೆ ಅಂತ ಬರೆದಿದೆ ಎಂದಳು.

ಎರಡು ವರ್ಷದ ಹಿಂದೆ ಕಳಸದ ಹತ್ತಿರದ ತವರಿನಿಂದ ಆಸ್ಪತ್ರೆಗೆ ಹೋದಾಗ ಎಂಟು ತಿಂಗಳು ತುಂಬಿತ್ತಂತೆ. ಹೆಣ್ಣು ಎಂದು ಮಾತ್ರ ಯಾರೋ ಅಂದದ್ದು ಕಿವಿಗೆ ಬಿತ್ತಂತೆ. ನೋಡಿದರೆ ಮರೆಯಲಾಗುವುದಿಲ್ಲ ಎಂದು ಹಿರಿಯರು ಮಗುವನ್ನು ಅವಳಿಗೆ ತೋರಿಸಲಿಲ್ಲ. ಅವಳ ತಾಯಿ ವಿಶಾಲಾಕ್ಷಮ್ಮನಿಗೆ ತಲೆ ತಿರುಗಿ ಹೊರಗೆ ಕೂರಿಸಿದ್ದರು. ಒಳಗೆ ಇದ್ದವರು ಅತ್ತೆ ಒಬ್ಬರೇ. ಅವರನ್ನು ಕೇಳಲು ಎಷ್ಟೋ ಸಲ ಬಾಯಿಗೆ ಬಂದು ನಿಂತಿತಂತೆ. ಆ ಮುಖ ನೋಡಿದರೆ ಕೇಳುವ ಧೈರ್ಯವಾಗುತ್ತಿರಲಿಲ್ಲವಂತೆ.

"ಕಲ್ಲಿನಂಥ ಹೆಂಗಸು" ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ಬಾಗಿಲಲ್ಲಿ ಶಂಕರಮ್ಮ ಕಾಣಿಸಿದರು, ಬಾಣಂತಿಯನ್ನು ಹೆಚ್ಚು ಮಾತಾಡಿಸಬೇಡಿ ಎಂದರು. ಎದ್ದು ಬಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ಪಕ್ಕದ ಮೋರಿಯ ಮೇಲೆ ಕೂತೆ. ಎರಡೂ ಕಡೆ ಬಿಳಿ. ಗಾಳಿ ಬಂದಾಗ ಒಂದು ಗುಡ್ಡದ ವಾಸನೆ ಹೋಗಿ ಇನ್ನೊಂದು ಗುಡ್ಡದ್ದು ಬರುತ್ತಿತ್ತು. ನನ್ನ ಅಮ್ಮನಿಗೆ ಎಷ್ಟು ಮಕ್ಕಳು ಎಂದರೆ ಐದು ಅನ್ನುತ್ತಿದ್ದಳು. ಹೆತ್ತದ್ದು ಏಳು. ಉಳಿದ ಎರಡರ ಬಗ್ಗೆ ನಾವು ಯಾರೂ ಒಂದು ದಿನವೂ ಕೇಳಲಿಲ್ಲ. ಅವಳೂ ಹೇಳದೆಯೇ ಹೋದಳು. ಅಷ್ಟು ಜನ ಮಕ್ಕಳಿದ್ದೂ ಕೇಳುವವರು ಒಬ್ಬರಿರಲಿಲ್ಲ. ಹಾಗೇ ಕಣ್ಣು ಎಳೆದವು. ಮೋರಿಯ ಮೇಲೆ ಕೂತಲ್ಲೇ ತೂಕಡಿಸಿದೆ. ಬಿಳಿ ಗಿಡಗಳ ನಡುವೆ ಚಿಕ್ಕ ಚಿಕ್ಕ ಮಕ್ಕಳು ನಡೆದುಹೋಗುತ್ತಿದ್ದವು, ನಾನು ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಬೇಕು, ಆದರೆ ಪುಸ್ತಕದಲ್ಲಿ ಹೆಸರೇ ಇಲ್ಲ. ಬಸ್ಸಿನ ಹಾರನ್ನಿಗೆ ಎಚ್ಚರವಾಯಿತು. ಮುಖ ಒದ್ದೆಯಾಗಿತ್ತು, ಕಂಡಕ್ಟರ್ ಏನೂ ಕೇಳಲಿಲ್ಲ.

ಶುಕ್ರವಾರ ಮತ್ತೆ ಹೋದೆ. ಒತ್ತಾಯ ಮಾಡಬಾರದೆಂದು ನಿಶ್ಚಯಿಸಿದ್ದೆ. ಅವಳು ಎರಡು ಎಂದರೆ ಎರಡೇ ಇರಲಿ, ಮೇಡಂ ಹತ್ತಿರ ಬೈಸಿಕೊಂಡರಾಯಿತು. ಆದರೆ ಯಾವುದನ್ನು ಬರೆದರೂ ಅವಳ ಮುಖ ಬೇಕಿತ್ತು, ಮುಖಕ್ಕೆ ನೆಟ್‌ವರ್ಕ್ ಬೇಕಿತ್ತು. ಅದು ಆ ಮನೆಯಲ್ಲಿ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ತಿಂಗಳು ತುಂಬದ ಬಾಣಂತಿ ಹೊರಗೆ ಬರುವುದೇ ಎಂದು ಶಂಕರಮ್ಮ ಹೌಹಾರಿದರು. ಕೊನೆಗೆ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದಿಸಿ, ಮಗುವನ್ನು ತಾವೇ ಎತ್ತಿಕೊಂಡು, ಸೊಸೆಯ ಮೊಣಕೈ ಹಿಡಿದು ಕರೆತಂದರು. ಬಾಣಂತಿ ಅಷ್ಟು ದಿನದ ಮೇಲೆ ಹೊರಗಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಸುತ್ತ ನೋಡಿದಳು. ಹೂವು ಕಂದಲು ಶುರುವಾಗಿತ್ತು, ವಾಸನೆ ಇನ್ನೂ ಇತ್ತು.

ಫೋನ್ ತೆರೆದೆ. ಎಷ್ಟನೇ ಮಗು ಎಂಬ ಸಾಲು ಬಂತು. ಈ ಸಲ ನಾನು ಕೇಳಿದೆ, ಬಾಯಿ ಬಿಟ್ಟು, ಅತ್ತೆಯ ಎದುರಿಗೇ.

ಶಂಕರಮ್ಮನೇ ಉತ್ತರ ಕೊಟ್ಟರು. ಮೊದಲನೆಯದು ಅಂತ ಬರೀರಿ, ನಿಮ್ಮ ಆಫೀಸಿನವರೇ ಹಾಗೆ ಹೇಳಿದಾರಂತಲ್ಲ, ರುದ್ರೇಶ ಹೇಳಿದ ಎಂದರು.

"ಇವ್ನು ಮೊದಲ್ನೇದಲ್ವಲ್ಲ ಅತ್ತೆ" ಎಂದಳು ಭುವನಾ.

ಎರಡು ವರ್ಷದಲ್ಲಿ ಆ ಮನೆಯ ಅಂಗಳದಲ್ಲಿ ಆ ಮಾತು ಬಂದದ್ದು ಅದೇ ಮೊದಲಿರಬೇಕು. ಶಂಕರಮ್ಮನ ಕೈ ಮಗುವಿನ ಬೆನ್ನ ಮೇಲೆ ತಟ್ಟುತ್ತಿದ್ದದ್ದು ನಿಂತಿತು. ನಾನು ಬೈಗುಳಕ್ಕೆ ಕಾದೆ. ಅವರು ಕಣದ ಕಟ್ಟೆಯ ಮೇಲೆ ಮೆಲ್ಲಗೆ ಕೂತರು.

ಬಾಣಂತಿ ಅತ್ತರೆ ಹಾಲು ಬತ್ತುತ್ತದೆ, ಅದಕ್ಕೇ ನಾನು ಬಾಯಿ ಕಟ್ಟಿಕೊಂಡಿದ್ದೆ ಎಂದರು. ಬಸುರಿಯಾಗಿದ್ದಾಗ ಹೇಳಿದರೆ ಈ ಮಗುವಿಗೆ ಏನಾಗುತ್ತೋ ಎಂದು ಭಯ. ಅದಕ್ಕೂ ಮುಂಚೆ ಹೇಳೋಣವೆಂದರೆ ನೀನು ಯಾವತ್ತೂ ಕೇಳಲಿಲ್ಲ, ಮರೆತಿದ್ದಾಳೆ, ಮರೆಯಲಿ ಎಂದುಕೊಂಡೆ ಎಂದರು. ಅವರು ನನ್ನ ಕಡೆಯಾಗಲಿ ಭುವನಾಳ ಕಡೆಯಾಗಲಿ ನೋಡದೆ ಮಗುವಿನ ಟೋಪಿಯನ್ನೇ ನೋಡುತ್ತಿದ್ದರು.

"ನಾನೇ ಮೀಯಿಸ್ದೆ ಕಣೇ" ಎಂದರು. "ತಲೆ ತುಂಬ ಕೂದ್ಲು, ಹಣೆ ಮೇಲೆ ಇಳ್ದಿತ್ತು. ನನ್ನ ಹಳೇ ಸೀರೆ ಮೆತ್ತಗಿತ್ತು, ಅದ್ರಲ್ಲೇ ಸುತ್ತಿ ನಿನ್ ಮಾವನ ಕೈಗೆ ಕೊಟ್ಟೆ. ಇವ್ನು ರುದ್ರೇಶನ ಥರ. ಅವ್ಳು ನಿನ್ನ ಥರ ಇದ್ಲು. ಇದೇ ಗಲ್ಲ."

ಭುವನಾ ಕಂಬಳಿಯೊಳಗಿಂದ ಕೈ ತೆಗೆದು ತನ್ನ ಗಲ್ಲ ಮುಟ್ಟಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ಬಣ್ಣ?"

"ಕಪ್ಪು" ಎಂದರು ಶಂಕರಮ್ಮ. "ನನ್ನದೇ."

ಭುವನಾ ನಕ್ಕುಬಿಟ್ಟಳು. ನಗುತ್ತಲೇ ಅಳು ಬಂತು. ಹಾಲು ಬತ್ತುತ್ತದೆ ಎಂದು ಶಂಕರಮ್ಮ ಗದರಿಸಿದರು, ಗದರಿಸುತ್ತ ತಾವೂ ಅಳುತ್ತಿದ್ದರು. ಮಗು ಎದ್ದು ತನ್ನ ಪಾಲಿನದನ್ನೂ ಸೇರಿಸಿತು. ನಾನು ಫೋನ್ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದೆ. ಕಲ್ಲಿನಂಥ ಹೆಂಗಸು ಎಂದು ಬೈದದ್ದಕ್ಕೆ ಒಳಗೊಳಗೇ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಭುವನಾ ನನ್ನ ಕಡೆ ತಿರುಗಿ, ನಿಮಗೆ ಬೇಕಾದ ಹಾಗೆ ಬರೆದುಕೊಳ್ಳಿ ಟೀಚರ್ ಎಂದಳು. ಮೊದಲನೆಯದೇ ಎಂದು ಕೇಳಿದೆ. ಹೂಂ, ಅದರಲ್ಲಿ ಹಾಗೇ ಇರಲಿ, ಈಗ ಪರವಾಗಿಲ್ಲ ಎಂದಳು. ನಾನು ಎರಡು ಅಳಿಸಿ ಒಂದು ಎಂದು ಬರೆದೆ. ಮುಖವನ್ನು ಚೌಕಟ್ಟಿನೊಳಗೆ ಇಟ್ಟು ಕಣ್ಣು ಮಿಟುಕಿಸಿ ಎಂದು ಫೋನ್ ಹೇಳಿತು. ಮಿಟುಕಿಸಿದಾಗಲೆಲ್ಲ ನೀರು ಇಳಿದು ಫೋಟೋ ಸರಿಯಿಲ್ಲ ಎನ್ನುತ್ತಿತ್ತು. ಶಂಕರಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿ ಒರೆಸಿ ಕೊಟ್ಟರು. ನಾಲ್ಕನೆಯ ಸಲಕ್ಕೆ ಅರ್ಜಿ ಹೋಯಿತು. ದುಡ್ಡು ಬರುತ್ತದೆ, ಸ್ವಲ್ಪ ತಡವಾಗಬಹುದು ಎಂದೆ. ಇಬ್ಬರಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಬಿಸಿಲು ಏರುತ್ತಿತ್ತು. ಒಳಗೆ ಹೋಗೋಣ, ಗಾಳಿ ತಾಗುತ್ತೆ ಎಂದು ಶಂಕರಮ್ಮ ಎದ್ದರು. ಭುವನಾ ಅವರ ಸೆರಗು ಹಿಡಿದು ಕೂರಿಸಿದಳು. ಅತ್ತೆಯನ್ನು ಹಾಗೆ ಹಿಡಿದೆಳೆಯುವ ಸೊಸೆಯನ್ನು ನಾನು ಆ ಊರಲ್ಲಿ ಕಂಡಿರಲಿಲ್ಲ.

"ಇನ್ನೊಂದ್ ಸಲ ಹೇಳಿ ಅತ್ತೆ" ಎಂದಳು. "ಕೂದ್ಲಿಂದ ಹೇಳಿ."