ರಾಡಿನ ನಡುವೆ ನನ್ನ ಹೆಸರು

ಹರಿಹರದಲ್ಲಿ ಎಂಜಿನ್ ಬಿಚ್ಚಿ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಕಟ್ಟಿದ ಎಂಜಿನ್ನಿನ ಒಳಗೂ ಹೆಸರು ಹೊಡೆಯುವವನು ನಾನೊಬ್ಬನೇ, ಶಿವಮೂರ್ತಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ನಡುವಿನ ಕನೆಕ್ಟಿಂಗ್ ರಾಡ್ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇಟು: ‘ಶಿ’. ಮುಂದೆ ಯಾರೇ ಬಿಚ್ಚಲಿ, ಯಾರ ಕೈಕೆಲಸ ಎಂದು ತಿಳಿಯಬೇಕು. ಅಪ್ಪ ಇದನ್ನು ರಾಡಿನ ದಪ್ಪ ಬುಡದಲ್ಲಿ ಹೊಡೆಯುತ್ತಿದ್ದ. ನನಗೆ ಅದು ಸಾಲದು, ನಟ್ಟನಡುವೆಯೇ ಕಾಣಬೇಕು.

ನನ್ನ ರಾಡ್‌ಗಳನ್ನು ಉದ್ದುದ್ದಕ್ಕೆ ಉಜ್ಜಿ, ಗೀರು ತೆಗೆದು, ಸಣ್ಣ ಉಕ್ಕಿನ ಗುಂಡುಗಳನ್ನು ಚಿಮ್ಮಿಸಿ ಗಟ್ಟಿ ಮಾಡಿಕೊಡುವವನು ದಾವಣಗೆರೆ ಶಾಮನೂರಿನ ಖಾಜಾ ಹುಸೇನ್. “ನಡುವೆ ಹೊಡೀಬ್ಯಾಡ್ರಿ ಅಣ್ಣಾ. ಒಂದು ಗೀರಿದ್ರೂ ಅಲ್ಲಿಂದ್ಲೇ ಸೀಳ್ತೈತೆ ಅಂತ ನಾನು ಉಜ್ಜಿ ಉಜ್ಜಿ ಸಾಯ್ತೀನಿ” ಎಂದಿದ್ದ.

“ನಿನ್ನ ಕೆಲ್ಸ ನೀ ನೋಡ್ಕೋ ಮಾರಾಯ, ನಮ್ಮಪ್ಪನ ಕಾಲದ ಅಚ್ಚಿದು” ಎಂದು ನಕ್ಕಿದ್ದೆ.

ಇವತ್ತು ಬೆಳಿಗ್ಗೆ ಭಾನುವಳ್ಳಿಯ ಅಜ್ಜಯ್ಯ, ನಾನೇ ಎಂಜಿನ್ ಕಟ್ಟಿಕೊಟ್ಟಿದ್ದ ಟ್ರ್ಯಾಕ್ಟರ್ ಎಳೆಸಿಕೊಂಡು ಬಂದರು. ಗದ್ದೆಯಲ್ಲಿ ಕೆಸರು ಹೊಡೆಯುವಾಗಲೇ ರಾಡ್ ಮುರಿದು, ಎಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಗೆ ಬಂದಿತ್ತು. ಬೇರೊಂದು ಎಂಜಿನ್ನಿನ ರಾಡ್ ಕೊಡಲು ಬಂದಿದ್ದ ಖಾಜಾ ಅಲ್ಲೇ ನಿಂತಿದ್ದ. ನನ್ನ ಬಾಯಿಗೆ ಬೀಗ ಎಲ್ಲಿದೆ? ಮುರಿದ ತುಂಡನ್ನು ನೋಡುವ ಮೊದಲೇ, “ಕೆಲ್ಸ ಗೊತ್ತಿಲ್ದೋನ ಕೈಗೆ ಕೊಟ್ಟಿದ್ದೇ ತಪ್ಪಾತು! ಇನ್ಮ್ಯಾಲೆ ನನ್ನ ಅಂಗಡಿ ಮೆಟ್ಲು ಹತ್ತಬ್ಯಾಡ” ಎಂದು ಖಾಜಾನ ಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದೆ.

“ಉಳಿದ ರಾಡಿಗೆ ಸುಣ್ಣ ಹಚ್ಚಿ ನೋಡ್ರಿ” ಎಂದಷ್ಟೇ ಹೇಳಿ ಖಾಜಾ ಹೋದ. ಅಜ್ಜಯ್ಯನೂ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಗೊಣಗುತ್ತ ಹೊರಟರು.

ಅವನ ತಪ್ಪು ತೋರಿಸಿಯೇ ತೀರುತ್ತೇನೆಂದು ಛಲಕ್ಕೆ ಬಿದ್ದು, ಅದೇ ಎಂಜಿನ್ನಿನ ಇನ್ನೊಂದು ರಾಡ್ ಬಿಚ್ಚಿ ಸುಣ್ಣ ಹಚ್ಚಿದೆ. ರಾಡನ್ನು ಡೀಸೆಲ್‌ನಲ್ಲಿ ಅದ್ದಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಖಾಜಾ ಉಜ್ಜಿದ ಮೈ ಬೆಳ್ಳಗೇ ಉಳಿಯಿತು. ಗೆರೆ ಎದ್ದದ್ದು ‘ಶಿ’ಯ ಬುಡದಿಂದ. ಆಮೇಲೆ ಮುರಿದ ತುಂಡನ್ನು ಕೈಗೆತ್ತಿಕೊಂಡೆ. ಅದೂ ನನ್ನ ಅಕ್ಷರವನ್ನು ಸೀಳಿಕೊಂಡೇ ಮುರಿದಿತ್ತು. ಥೂ, ನನ್ನ ಜನ್ಮಕ್ಕೆ! ಅಂಗಡಿಯಲ್ಲಿ ಯಾರೂ ಇರಲಿಲ್ಲ, ಆದರೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತುಂಡನ್ನು ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದೆ. ಖಾಜಾನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿಬಿಡೋಣ, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಶಾಮನೂರಿನ ಅವನ ಶೆಡ್ಡಿಗೆ ಹೋದರೆ ಅಜ್ಜಯ್ಯ ನನಗಿಂತ ಮೊದಲೇ ಅಲ್ಲಿದ್ದರು.

“ಇವ ಕೆಲ್ಸ ಗೊತ್ತಿಲ್ದೋನು ಅಂತ ಶಿವಮೂರ್ತೀನೇ ಹೇಳ್ಯಾನ” ಎಂದು ಗಿರಾಕಿಗಳ ಮುಂದೆ ಕೂಗಾಡುತ್ತಿದ್ದರು. ಒಬ್ಬ ಆಗಲೇ ತನ್ನ ರಾಡ್‌ಗಳನ್ನು ವಾಪಸ್ ಚೀಲಕ್ಕೆ ತುಂಬುತ್ತಿದ್ದ.

“ಬಂದ ನೋಡ್ರಿ, ಬೇಕಾದ್ರೆ ಅವನ್ನೇ ಕೇಳ್ರಿ” ಎಂದರು ಅಜ್ಜಯ್ಯ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತುಂಡನ್ನು ಹೊರಗೆ ತೆಗೆದು ಹಿಡಿದೆ. ಹಿಡಿದೆನೇನೋ ನಿಜ, ಹೆಬ್ಬೆರಳು ಮಾತ್ರ ತಾನಾಗಿಯೇ ಹೋಗಿ ‘ಶಿ’ಯ ಮೇಲೆ ಕೂತಿತ್ತು.

ಖಾಜಾ ಅದನ್ನೇ ನೋಡಿದ. “ಬೆರಳು ತೆಗೀರಿ ಅಣ್ಣಾ” ಎಂದ.

ಬೆರಳು ತೆಗೆದೆ. ಬೀದಿಗೆಲ್ಲ ಕೇಳುವಂತೆ ಕೂಗಿದವನು ಈಗ ಪಕ್ಕದವನಿಗಷ್ಟೇ ಕೇಳುವಂತೆ, “ಇಲ್ಲಿಂದ ಮುರಿದೈತ್ರಿ. ಇದು ನಾ ಹೊಡೆದ ಏಟು. ಖಾಜಾಂದು ಏನೂ ತಪ್ಪಿಲ್ಲ” ಎಂದೆ.

“ಏನಂದಿ? ಕೇಳಿಸ್ಲಿಲ್ಲ” ಎಂದರು ಅಜ್ಜಯ್ಯ.

ಇನ್ನೊಮ್ಮೆ ಹೇಳಬೇಕಾಯಿತು.