ಆ ಫೋಟೋ ತೆಗೆದವನು

ಆಂಧ್ರದ ಗಡಿಗೆ ಹತ್ತಿರದ ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಚಂದ್ರಮೋಹನ್‌ಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ಅಪರೂಪಕ್ಕೊಂದು ಮದುವೆ. ಗಿರಾಕಿ ಇಲ್ಲದ ಹೊತ್ತೆಲ್ಲ ಮೊಬೈಲು. ಒಂದು ವಿಡಿಯೋ ನೋಡಿದರೆ ಅದೇ ಬಗೆಯ ಹತ್ತು ಬರುತ್ತಿದ್ದವು. ಆ ವರ್ಷ ಬೇಸಿಗೆಯ ಆರಂಭದಲ್ಲಿ ಬಂದದ್ದೆಲ್ಲ ಮಕ್ಕಳ ಕಳ್ಳರದ್ದು. ಹಾಸಿಗೆ ಹೊಲಿಯುವ ನೆಪದಲ್ಲಿ ಬೀದಿ ಸುತ್ತುತ್ತಾರೆ, ಹತ್ತಿ ಮೂಟೆಯಲ್ಲಿ ಮಕ್ಕಳನ್ನು ತುಂಬಿಕೊಂಡು ಗಡಿ ದಾಟುತ್ತಾರೆ ಎಂದು. ಯಾವ ಊರು, ಯಾವ ವರ್ಷ ಎಂಬುದು ಒಂದರಲ್ಲೂ ಇರಲಿಲ್ಲ. ನಲವತ್ತು ಸಲ ನೋಡಿದ ಮೇಲೆ ಅವನಿಗದು ಕಣ್ಣಾರೆ ಕಂಡಷ್ಟೇ ನಿಜವಾಗಿತ್ತು.

ಒಂದು ಮಂಗಳವಾರ ಬೆಳಗ್ಗೆ ಮುಳಬಾಗಿಲು ಕಡೆಯಿಂದ ಬಂದ ಮೊಪೆಡ್ಡೊಂದು ಸ್ಟುಡಿಯೋ ಮುಂದೆ ನಿಧಾನವಾಯಿತು. ಹಿಂದೆ ಹತ್ತಿಯ ಮೂಟೆ, ಪಟ್ಟೆ ಬಟ್ಟೆಯ ಸುರುಳಿ. ಓಡಿಸುತ್ತಿದ್ದವನಿಗೆ ಅರವತ್ತು ದಾಟಿತ್ತು. ಚಂದ್ರಮೋಹನ್ ಕುರ್ಚಿಯಿಂದ ಏಳದೆಯೇ ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿದ. ‘ಇವನೇ ಇರಬಹುದು, ಎಲ್ಲರೂ ಹುಷಾರು’ ಎಂದು ಕೆಳಗೆ ಬರೆದ.

ಮುಕ್ಕಾಲು ಗಂಟೆಯೊಳಗೆ ಊರಾಚೆಯ ಮಾವಿನ ತೋಪಿನ ಹತ್ತಿರ ಹನ್ನೆರಡು ಜನ ಮೊಪೆಡ್ಡನ್ನು ಅಡ್ಡಗಟ್ಟಿದರು. ಸುದ್ದಿ ಕೇಳಿ ಚಂದ್ರಮೋಹನ್ ಬೈಕಿನಲ್ಲಿ ಹೋಗುವಷ್ಟರಲ್ಲಿ ಮುದುಕ ನೆಲಕ್ಕೆ ಬಿದ್ದಿದ್ದ. ಚಂದ್ರಮೋಹನ್‌ನ ಚಿಕ್ಕಪ್ಪನ ಮಗ ವೆಂಕಟನ ಕೈಯಲ್ಲಿ ಬೇಲಿಯಿಂದ ಕಿತ್ತ ಗೂಟವಿತ್ತು. ಯಾರೋ ಮೂಟೆಯನ್ನು ಕುಯ್ದು ನೋಡಿದರು. ಹತ್ತಿ ಮಾತ್ರ ಇತ್ತು. ಚಂದ್ರಮೋಹನ್ ಗುಂಪಿನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು, ವಾಪಸು ಬಂದು ಅಂಗಡಿ ತೆರೆದ.

ಪೊಲೀಸರು ಬಂದು ವಿಚಾರಿಸಿದಾಗ ಊರಲ್ಲಿ ಯಾರೂ ಏನನ್ನೂ ನೋಡಿರಲಿಲ್ಲ. ಸಾಕ್ಷಿಯಿಲ್ಲದೆ ಕೇಸು ನಿಂತಿತು. ಚಂದ್ರಮೋಹನ್‌ನ ಮೊಬೈಲಿನಲ್ಲಿ ಮಾತ್ರ ವಾರಗಟ್ಟಲೆ ಬೇರೆಯೇ ಕಥೆ ಓಡಿತು: ಗಡಿಯಲ್ಲಿ ಕಳ್ಳ ಸಿಕ್ಕಿದ್ದ, ದೊಡ್ಡವರು ಬಿಡಿಸಿಕೊಂಡು ಹೋದರು. ಹಾಗಲ್ಲ ಎನ್ನುವ ಒಂದು ಸಾಲೂ ಅವನವರೆಗೆ ಬರಲಿಲ್ಲ. ಅವನೂ ಹುಡುಕಲಿಲ್ಲ.

ಎಂಟು ತಿಂಗಳ ನಂತರ ಕೋಲಾರದಿಂದ ಅನಿತ ಎಂಬ ಉಪನ್ಯಾಸಕಿ ಕೆರೆಗಳ ಹಳೆಯ ಫೋಟೋ ಕೇಳಿಕೊಂಡು ಸ್ಟುಡಿಯೋಗೆ ಬಂದಳು. ಅವಳೂ ನಾಲ್ಕು ಜನ ಗೆಳೆಯರೂ ಸೇರಿ, ಜನ ತಮ್ಮ ಸುದ್ದಿ ಬರೆದು ಹಂಚಿಕೊಳ್ಳುವ ಒಂದು ಸಣ್ಣ ಜಾಲತಾಣ ನಡೆಸುತ್ತಿದ್ದರು. ಅದನ್ನವಳು ಮೊಬೈಲಿನಲ್ಲಿ ತೋರಿಸಿದಳು.

“ಇದ್ರಲ್ಲೂ ವಿಡಿಯೋ ಬರ್ತವಾ?” ಎಂದು ಅವನು ಕೇಳಿದ.

“ಯಾರು ಏನು ಹಾಕ್ತಾರೋ ಅದು, ಹಾಕಿದ ಹೊತ್ತಿನ ಪ್ರಕಾರ ಬರತ್ತೆ. ನಿಮಗೆ ಇದೇ ಇಷ್ಟ ಅಂತ ಆರಿಸಿ ತಂದು ತುರುಕೋರು ಯಾರೂ ಇಲ್ಲ. ಜಾಹೀರಾತಿಲ್ಲ, ಫೋನ್ ನಂಬರೂ ಕೇಳಲ್ಲ. ಇಂಥ ತಾಣಗಳು ಸಾವಿರಾರಿವೆ, ಒಂದರಿಂದ ಇನ್ನೊಂದಕ್ಕೆ ಮಾತಾಡಬಹುದು. ಎಲ್ಲಕ್ಕೂ ಒಬ್ಬನೇ ಯಜಮಾನ ಅಂತಿಲ್ಲ.”

ಅವನು ‘ನಂಗಲಿ ಕೆರೆ’ ಎಂಬ ಹೆಸರಿನಲ್ಲಿ ಸೇರಿದ. ಮೊದಮೊದಲು ಬೇಸರವಾಯಿತು. ಸುಗಟೂರಿನ ಒಬ್ಬರು ರೇಷ್ಮೆಹುಳುವಿನ ಬಗ್ಗೆ ಬರೆಯುತ್ತಿದ್ದರು, ಮಾಲೂರಿನ ಒಬ್ಬರು ಬಸ್ಸು ತಡವಾದದ್ದನ್ನು. ಸಿಟ್ಟು ಬರಿಸುವಂಥದ್ದು ಏನೂ ಇರಲಿಲ್ಲ. ಆದರೆ ಮುಳಬಾಗಿಲಿನಿಂದ ‘ದಾರ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಹೆಂಗಸಿನ ಮಾತುಗಳಿಗಾಗಿ ಅವನು ಕಾಯತೊಡಗಿದ. ಅವಳು ಹುಷಾರಿಲ್ಲದ ತಂದೆಯ ಬಗ್ಗೆ ಬರೆಯುತ್ತಿದ್ದಳು. ‘ಇವತ್ತು ಅಬ್ಬಾ ತಾವೇ ಸೂಜಿ ಪೋಣಿಸಿದರು. ಇಪ್ಪತ್ತು ನಿಮಿಷ ಬೇಕಾಯಿತು.’ ಚಂದ್ರಮೋಹನ್ ಕೆಳಗೆ ಬರೆದ: ‘ಒಳ್ಳೆಯದಾಗಲಿ. ನಮ್ಮಪ್ಪನಿಗೂ ಲಕ್ವ ಹೊಡೆದಿತ್ತು. ದಿನಾ ಕೈಗೆ ಎಣ್ಣೆ ಉಜ್ಜಿ.’ ಅವಳು ಧನ್ಯವಾದ ಹೇಳಿದಳು. ಹೀಗೆ ಮೂರು ತಿಂಗಳು ನಡೆಯಿತು.

ನಾಲ್ಕನೇ ತಿಂಗಳ ಒಂದು ಮಧ್ಯಾಹ್ನ ಅವಳು ಉದ್ದವಾಗಿ ಬರೆದಳು. ‘ಅಬ್ಬಾನಿಗೆ ಲಕ್ವ ಹೊಡೆದದ್ದಲ್ಲ. ಇವತ್ತಿಗೆ ಒಂದು ವರ್ಷ. ಹಾಸಿಗೆ ಹೊಲಿಯಲು ಹೋದವರನ್ನು ನಂಗಲಿಯ ಹತ್ತಿರ ಹೊಡೆದರು. ಎಡಗಿವಿ ಹೋಯಿತು, ಬಲಗೈ ಹೋಯಿತು. ಅದಕ್ಕೆ ಮೊದಲು ಯಾರೋ ಅವರ ಫೋಟೋ ತೆಗೆದು ಹಂಚಿದ್ದರು.’ ಜೊತೆಗೆ ಆ ಫೋಟೋ ಇತ್ತು. ಅದರ ಅಂಚಿನಲ್ಲಿ ಸ್ಟುಡಿಯೋದ ಗಾಜಿನ ಬಾಗಿಲು ಅರ್ಧ ಕಾಣುತ್ತಿತ್ತು.

ಎರಡು ದಿನ ಅವನು ಅಂಗಡಿ ತೆರೆಯಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ‘ನಂಗಲಿ ಕೆರೆ’ ಯಾರೆಂದು ಅವಳಿಗೂ ಗೊತ್ತಿರಲಿಲ್ಲ, ಅನಿತಳ ಹತ್ತಿರವೂ ಅವನ ನಂಬರಿರಲಿಲ್ಲ. ಮೂರನೇ ದಿನ ಅವಳೊಬ್ಬಳಿಗೇ ಬರೆದ: ‘ಆ ಫೋಟೋ ತೆಗೆದವನು ನಾನು. ಹೆಸರು ಚಂದ್ರಮೋಹನ್. ಕ್ಷಮಿಸಿ.’

ಸಂಜೆ ಉತ್ತರ ಬಂತು. ‘ನನ್ನ ಹೆಸರು ಅರ್ಷಿಯಾ. ಅಬ್ಬಾನ ಹೆಸರು ಅಬ್ದುಲ್ ಖಾದರ್. ಮೂರು ತಿಂಗಳು ಎಣ್ಣೆ ಉಜ್ಜಲು ಹೇಳಿದ್ದೂ ನೀವೇ. ಕ್ಷಮೆ ನನಗೆ ಬೇಡ. ನೋಡಿದ್ದನ್ನು ಠಾಣೆಗೆ ಬಂದು ಹೇಳಿ.’

ಅವನು ಮೊದಲು ವೆಂಕಟನ ಮನೆಗೆ ಹೋದ. ವೆಂಕಟ ಹಸುವಿಗೆ ಮೇವು ಹಾಕುತ್ತಿದ್ದ.

“ಆ ಮುದುಕ ಕಳ್ಳ ಅಲ್ಲ ಕಣೋ. ಕೈ ಹೋಗಿದೆ ಅವನಿಗೆ. ನಾನು ಸ್ಟೇಷನ್‌ಗೆ ಹೋಗ್ತೀನಿ.”

“ಏನಣ್ಣಾ, ತಲೆ ಕೆಟ್ಟಿದೆಯಾ? ಕಳ್ಳ ಅಂತ ಹೇಳಿದ್ದು ಯಾರು? ನೀನೇ.”

“ನಾನೇ. ಅದನ್ನೂ ಹೇಳ್ತೀನಿ.”

“ನನಗೆ ಇಬ್ಬರು ಹೆಣ್ಮಕ್ಕಳು, ಅಣ್ಣಾ,” ಎಂದ ವೆಂಕಟ. ಆಮೇಲೆ ತೆಲುಗಿನಲ್ಲಿ, ಮೆಲ್ಲಗೆ, “ವದ್ದು” ಎಂದ. ಬೇಡ ಎಂದು.

ಚಂದ್ರಮೋಹನ್ ಊರಿನ ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದ. ಐದು ನಿಮಿಷದಲ್ಲಿ ಅವನನ್ನು ಹೊರಗೆ ಹಾಕಿದರು. ಒಪ್ಪಿದ್ದ ಎರಡು ಮದುವೆಗಳವರು ಬೇರೆ ಫೋಟೋಗ್ರಾಫರನ್ನು ಗೊತ್ತುಮಾಡಿಕೊಂಡರು.

ಠಾಣೆಯಲ್ಲಿ ಹೇಳಿಕೆ ಮುಗಿಯಲು ಮೂರು ಗಂಟೆ ಹಿಡಿಯಿತು. ವೆಂಕಟನದೂ ಸೇರಿ ಐದು ಹೆಸರು ಹೇಳಿದ. ಆರನೆಯದಾಗಿ ತನ್ನದನ್ನು ಬರೆಸಿದ. ಹೊರಗೆ ಬಂದಾಗ ಬೆಂಚಿನ ಮೇಲೆ ಖಾದರ್ ಕೂತಿದ್ದರು, ಬಲಗೈ ಮಡಿಲಲ್ಲಿತ್ತು. ಅರ್ಷಿಯಾ ಬಗ್ಗಿ ಬಲಗಿವಿಯಲ್ಲಿ ಏನೋ ಹೇಳಿದಳು. ಮುದುಕರು ಅವನ ಕಡೆ ತಿರುಗಿದರು.

“ನಿಮ್ಮ ಅಂಗಡಿ ಮುಂದೆ ನಾನು ನಿಧಾನ ಮಾಡಿದ್ದೆ,” ಎಂದರು, ಕಿವುಡರ ಗಟ್ಟಿ ದನಿಯಲ್ಲಿ. “ಯಾರಾದ್ರೂ ಕೆಲಸಕ್ಕೆ ಕರೀತಾರೇನೋ ಅಂತ. ನೀವು ಒಂದು ಕೂಗು ಹಾಕಿದ್ರೆ ನಿಲ್ತಿದ್ದೆ. ಯಾರಪ್ಪಾ ನೀನು ಅಂತ ಕೇಳಿದ್ರೆ ಹೇಳ್ತಿದ್ದೆ.”

ಅರ್ಷಿಯಾ ತಂದೆಯನ್ನು ಎಬ್ಬಿಸಿ, ಚಂದ್ರಮೋಹನ್ ಕಡೆ ನೋಡದೆ ಆಟೋ ಹತ್ತಿಸಿದಳು.

ಮರುವಾರ ವೆಂಕಟನನ್ನು ಹಿಡಿದುಕೊಂಡು ಹೋದರು. ಅವನ ಹೆಂಡತಿ ಸ್ಟುಡಿಯೋ ಬಾಗಿಲಲ್ಲಿ ನಿಂತು ಒಳಗೆ ಉಗಿದು ಹೋದಳು. ಚಂದ್ರಮೋಹನ್ ಎದ್ದು ನೆಲ ಒರೆಸಿದ.