ಗುಡ್ಡದಾಚೆ ಉಳಿದ ರೀಲು

ತೋಲಾಪಂಪದಲ್ಲಿ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ನವೆಂಬರ್ ಒಂದರ ಮಧ್ಯಾಹ್ನದ ಗಂಟೆಗೆ ಬಂದು, ಮರುದಿನ ಅದೇ ಹೊತ್ತಿನ ಗಂಟೆಗೆ ಹೊರಟುಹೋಗುತ್ತಾರೆ. ಅಷ್ಟು ಹೊತ್ತು ಅವರಿಗಾಗಿ ಮೇಜು ಹಾಸಿರುತ್ತದೆ. ಅದರ ಮೇಲೆ ಅವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದು, ಕುಡಿದದ್ದು ಎಲ್ಲ ಇರುತ್ತದೆ. ಹೀಗೆ ಮೂರು ವರ್ಷ. ಮೂರನೆಯ ವರ್ಷ ಮೇಜು ಎತ್ತಿದರೆ ಮುಗಿಯಿತು. ಆ ಜೀವ ಇನ್ನು ಮನೆಯ ದಾರಿ ಹಿಡಿಯುವುದಿಲ್ಲ, ದೇವರ ಸನ್ನಿಧಿಯಲ್ಲಿ ನೆಲೆಯಾಗುತ್ತದೆ.

ಮೆಲಿತೋನ್ ತೀರಿಕೊಂಡು ಇದು ಮೂರನೆಯ ವರ್ಷ.

ಎಲಿಯೋದೊರೊಗೆ ಹಾಸಿಗೆ ಬಿಟ್ಟೇಳುವಾಗಲೇ ಅದು ನೆನಪಾಗಿತ್ತು. ಕಳೆದೆರಡು ವರ್ಷವೂ ಆ ಮನೆಯತ್ತ ಅವನು ಹೋಗಿರಲಿಲ್ಲ. ಈ ದಿನಗಳಲ್ಲಿ ಪ್ರಾರ್ಥನೆಗೆಂದು ಬಂದವರನ್ನು ಯಾವ ಮನೆಯೂ ತಿರುಗಿಸಿ ಕಳಿಸುವುದಿಲ್ಲ. ದಾರಿಹೋಕನೂ ಒಳಗೆ ಬಂದು ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಬಹುದು. ಹಾಗಿದ್ದೂ ಅವನ ಕಾಲು ಆ ಬೀದಿಗೆ ತಿರುಗಿರಲಿಲ್ಲ. ಇವತ್ತು ನವೆಂಬರ್ ಎರಡು, ಮಧ್ಯಾಹ್ನದ ಗಂಟೆಯೊಳಗೆ ಹೋಗದಿದ್ದರೆ ಇನ್ನೆಂದೂ ಹೋಗುವಂತಿಲ್ಲ. ಈ ಮಾತನ್ನು ಅವನು ಮನಸ್ಸಿನಲ್ಲೇ ಮಗುಚಿ ಹಾಕುತ್ತ, ಅಂಗಳದಲ್ಲಿ ಕೂತು ಹಳೆಯ ಟೋಪಿಯೊಂದರ ಅಂಚು ತೀಡುತ್ತಿದ್ದ. ಟೋಪಿ ಮಾಡುವುದು ಅವನ ಕಸುಬು. ಆದರೆ ಹಬ್ಬದ ದಿನ ಕಸುಬು ಮಾಡುವವರು ಯಾರು? ಹೋಗದಿರುವುದಕ್ಕೆ ಕೈಗೊಂದು ನೆಪ, ಅಷ್ಟೆ.

ಮಗಳು ಬಸಿಲಿಯಾ ಒಳಗಿನಿಂದ ಕೂಗಿದಳು.

"ಅಪ್ಪಾ, ಆ ಟೋಪಿ ಬಿಟ್ಟು ಒಳಗೆ ಬಾ. ನಿನಗೊಂದು ಸಿನಿಮಾ ತಂದಿದೀನಿ."

ಬಸಿಲಿಯಾ ಕೋಚಬಾಂಬಾದ ದೊಡ್ಡ ಸಂತೆಯಲ್ಲಿ ಡಿವಿಡಿ ಮಾರುವವಳು. ಹಬ್ಬಕ್ಕೆಂದು ಊರಿಗೆ ಬಂದಿದ್ದಳು.

"ಹಬ್ಬದ ದಿನ ಸಿನಿಮಾನಾ? ಸಂತೇಲಿ ಕೂತೂ ಕೂತೂ ನಿಂಗೆ ದೇವರ ಭಯಾನೇ ಹೋಯ್ತು."

"ದೇವರ ಭಯಾನೆಲ್ಲಾ ನಿಮ್ಮ ಮಂಡಳಿಯೋರೇ ಗುತ್ತಿಗೆ ತಗೊಂಡಿದೀರಲ್ಲಪ್ಪಾ. ನಮಗೆಲ್ಲಿ ಉಳಿಯುತ್ತೆ?"

ಮಂಡಳಿ ಎಂದರೆ ಕಾರ್ಮೆಲ್ ಮಾತೆಯ ಭಕ್ತಮಂಡಳಿ. ಅದರ ಧ್ವಜ ಹಿಡಿಯುವವನು ಎಲಿಯೋದೊರೊ. ಮಗಳ ಮಾತಿಗೆ ಅವನು ನಗಬೇಕೆಂದಿದ್ದ, ಅಷ್ಟರಲ್ಲಿ ಅವಳು ಬಾಗಿಲಿಗೆ ಬಂದು ಡಿವಿಡಿಯ ಹೊದಿಕೆ ತೋರಿಸಿದಳು. ಕಪ್ಪು ಆಕಾಶ, ಅದರಲ್ಲೊಂದು ಹಡಗು, ಹಡಗಿನ ಕಿಟಕಿಯಲ್ಲೊಂದು ತಗಡಿನ ಮುಖ.

ಅವನ ನಗೆ ಅಲ್ಲೇ ನಿಂತಿತು.

ಆ ಚಿತ್ರಕ್ಕೆ ಬೇರೇನೋ ಹೆಸರಿತ್ತು. ತೋಲಾಪಂಪದಲ್ಲಿ ಅದನ್ನು 'ಶಿಲುಬೆ ಮುರಿದ ಚಿತ್ರ' ಎಂದೇ ಕರೆಯುತ್ತಿದ್ದುದು. ಎಷ್ಟೋ ವರ್ಷಗಳ ಹಿಂದೆ ಊರಲ್ಲಿ ಸಿನಿಮಾ ತೋರಿಸುತ್ತಿದ್ದವನು ಮೆಲಿತೋನ್, ಜೋಳದ ಹಳೆಯ ಕಣಜವೊಂದರಲ್ಲಿ ಬೆಂಚು ಹಾಕಿ. ಬಸಿಲಿಯಾಳ ಜ್ಞಾನಸ್ನಾನದ ದಿನ ಅವಳನ್ನು ಎತ್ತಿ ಹಿಡಿದ ಜ್ಞಾನತಂದೆ ಅವನೇ. ಆ ಲೆಕ್ಕದಲ್ಲಿ ಎಲಿಯೋದೊರೊಗೆ ಅವನು 'ಕೊಂಪಾದ್ರೆ', ಅವನ ಹೆಂಡತಿ ಗ್ರೆಗೋರಿಯಾ 'ಕೊಮಾದ್ರೆ'. ಆ ಕಡೆಯಲ್ಲಿ ಇದು ರಕ್ತಕ್ಕಿಂತ ಬಿಗಿಯಾದ ನಂಟು. ಒಡಹುಟ್ಟಿದವರು ಜಗಳವಾಡಬಹುದು, ಕೊಂಪಾದ್ರೆಗಳು ಆಡಬಾರದು; ಅವರ ನಡುವೆ ದೇವರೇ ಸಾಕ್ಷಿಯಾಗಿ ನಿಂತಿರುತ್ತಾನೆ.

"ಇದೆಲ್ಲಿ ಸಿಕ್ತು?"

"ಯಾರೋ ಹಳೇ ಚಿತ್ರಾನೆಲ್ಲ ತೊಳೆದು ಬಳಿದು ಹೊಸದಾಗಿ ಬಿಟ್ಟಿದಾರೆ. ಅದೇನು ಚಿತ್ರಾನೋ ಅಪ್ಪಾ! ಐದು ಜನ ತಗೊಂಡೋದ್ರೆ ಇಬ್ಬರು ವಾಪಸ್ ತಂದು ಮುಖಕ್ಕೆ ಎಸೀತಾರೆ. ಇಬ್ಬರು ಅಳ್ತಾ ಬಂದು, ಅಕ್ಕಾ ಇನ್ನೊಂದು ಕೊಡು ನಮ್ಮಮ್ಮನಿಗೂ ತೋರಿಸ್ತೀನಿ ಅಂತಾರೆ."

"ಐದನೆಯವನು?"

"ಅವನು ನಿದ್ದೆ ಮಾಡಿರ್ತಾನೆ. ಬಾ, ಕೂತ್ಕೋ."

"ನಾನು ನೋಡಿದೀನಿ."

"ಪೂರ್ತಿ ನೋಡಿದೀಯಾ?" ಎಂದಳು ಬಸಿಲಿಯಾ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಎಲಿಯೋದೊರೊ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

ಟಿವಿಯಲ್ಲಿ ಹಡಗು ತೇಲತೊಡಗಿತು. ಭೂಮಿ ಬತ್ತಿಹೋಗಿ ಉಳಿದ ಮನುಷ್ಯರನ್ನೆಲ್ಲ ಪೆಟ್ಟಿಗೆಗಳಲ್ಲಿ ಮಲಗಿಸಿ, ಇನ್ನೊಂದು ಸೂರ್ಯನ ಕಡೆಗೆ ಕಳಿಸಿರುತ್ತಾರೆ. ಎಲ್ಲರೂ ನಿದ್ದೆಯಲ್ಲಿ. ಕಾವಲಿಗೆ ಎಚ್ಚರವಿರುವುದು ಒಂದು ಯಂತ್ರಮಾನವ, ಜೊತೆಗೆ ಒಬ್ಬ ಮುದಿ ಸನ್ಯಾಸಿನಿ. ಅವಳು ಹಡಗಿನ ಪುಟ್ಟ ಗುಡಿಯಲ್ಲಿ ಮರದ ಶಿಲುಬೆಯ ಮುಂದೆ ದಿನಾ ಜಪ ಮಾಡುವುದನ್ನು ಯಂತ್ರ ನಿಂತು ಕೇಳುತ್ತದೆ. ಒಂದು ದಿನ, ನನಗೂ ಜ್ಞಾನಸ್ನಾನ ಕೊಡಿ ತಾಯಿ ಎನ್ನುತ್ತದೆ. ನಿನಗೆ ಆತ್ಮವಿಲ್ಲ, ಕೊಡಲಾರೆ ಎನ್ನುತ್ತಾಳೆ ಅವಳು. ಕೆಲವು ಕಾಲದ ಮೇಲೆ ತೀರಿಕೊಳ್ಳುತ್ತಾಳೆ. ಯಂತ್ರ ಒಂಟಿಯಾಗುತ್ತದೆ. ಹಡಗು ತಣ್ಣಗಾಗುತ್ತ ಹೋಗುತ್ತದೆ. ಆಮೇಲೆ ಒಮ್ಮೆ ಯಂತ್ರ ಗುಡಿಗೆ ಹೋಗಿ, ಶಿಲುಬೆಯನ್ನು ಗೋಡೆಯಿಂದ ಕಿತ್ತು, ಮೊಣಕಾಲಿಗೆ ಇಟ್ಟು ಲಟ್ಟನೆ ಮುರಿದು ಉರಿಗೆ ಹಾಕುತ್ತದೆ.

ಅವತ್ತು ಕಣಜದಲ್ಲಿ ಚಿತ್ರ ನಿಂತದ್ದು ಇಲ್ಲಿಗೆ. ಪರದೆ ಬೆಳ್ಳಗಾಗಿತ್ತು.

ಇಡೀ ಚಿತ್ರದ ಪೆಟ್ಟಿಗೆ ಎರಡು ಊರಿಗೆ ಸೇರಿ ಒಂದೇ. ಗುಡ್ಡದಾಚೆಯ ಮೊಯೆಕಾಸಾದಲ್ಲಿ ಒಂದು ರೀಲು ಓಡಿ ಮುಗಿದೊಡನೆ, ರೀಲು ಸಾಗಿಸುವ ಕೆಲಸದ ತಿಮೊತೆಯೋ ಅದನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಇಳಿದು ತೋಲಾಪಂಪಕ್ಕೆ ತರಬೇಕು. ಅವತ್ತು ಆಗಸ್ಟಿನ ಮೊದಲ ಶುಕ್ರವಾರ. ಭೂತಾಯಿ ನೈವೇದ್ಯಕ್ಕೆ ಬಾಯಿ ತೆರೆದು ಕಾಯುವ ತಿಂಗಳು. ಗುಡ್ಡದ ನೆತ್ತಿಯ ಕಲ್ಲುಗುಪ್ಪೆಯ ಹತ್ತಿರ ತಿಮೊತೆಯೋ ಇಳಿದು, ಭೂತಾಯಿಗೆ ಒಂದಿಷ್ಟು, ಮೋಟಾರ್ ಸೈಕಲ್ಲಿನ ಚಕ್ರಕ್ಕೆ ಒಂದಿಷ್ಟು, ತನಗೊಂದಿಷ್ಟು ಸಾರಾಯಿ ಸುರಿದ. ಹಾಗೆ ಸುರಿಯಲು ತೆರೆದ ಬಾಟಲಿಯನ್ನು ಅರ್ಧಕ್ಕೆ ಮುಚ್ಚುವಂತಿಲ್ಲ, ತಾಯಿ ಮುನಿಯುತ್ತಾಳೆ. ಅಲ್ಲಿ ಇನ್ನೂ ಕೆಲವರು ಬಾಟಲಿ ತೆರೆದು ಕೂತಿದ್ದರು. ಕೊನೆಯ ರೀಲು ಕಲ್ಲುಗುಪ್ಪೆಯ ಪಕ್ಕದಲ್ಲಿ ಉಳಿಯಿತು, ಅದರ ಪಕ್ಕದಲ್ಲಿ ತಿಮೊತೆಯೋನೂ ಉಳಿದ.

ಮೆಲಿತೋನ್ ಪರದೆಯ ಮುಂದೆ ಓಡಿಬಂದು ಎರಡೂ ಕೈ ಎತ್ತಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ! ಇನ್ನೊಂದು ರೀಲಿದೆ. ಈಗ ಬಂದ್ಬಿಡುತ್ತೆ" ಎಂದ.

ಮುಂದಿನ ಬೆಂಚಿನಿಂದ ಎಲಿಯೋದೊರೊ ಎದ್ದು ನಿಂತಿದ್ದ. "ಇನ್ನೇನು ತೋರಿಸ್ತೀರಿ ಕೊಂಪಾದ್ರೆ? ಶಿಲುಬೆ ಸುಟ್ಟಾಯ್ತು. ಇನ್ನು ಬೂದಿ ತೋರಿಸ್ತೀರಾ?"

"ಒಂದು ಗಳಿಗೆ ಕೂತ್ಕೊಳ್ಳಿ ಕೊಂಪಾದ್ರೆ. ನನಗೋಸ್ಕರ."

ಅವನು ಕೂರಲಿಲ್ಲ. ಅವನ ಹಿಂದೆ ಅರ್ಧ ಜನ ಹೊರಟರು. ಉಳಿದರ್ಧ ಜನ ಹೊರಗೆ ಕತ್ತಲಾಗುವವರೆಗೆ ಕೂತು, ರೀಲು ಬಾರದೆ ಗೊಣಗುತ್ತ ಎದ್ದರು. ಆಮೇಲೆ ಜೋಳದ ಹೆಂಡದ ಅಂಗಡಿಗಳಲ್ಲಿ ಎದ್ದವರು, ಕೂತವರು ಎಂದು ಊರು ಎರಡಾಯಿತು. ಮೆಲಿತೋನ್ ಸುಮ್ಮನಿರಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಕೊನೆಯ ರೀಲನ್ನು ಪುಕ್ಕಟೆ ತೋರಿಸುತ್ತೇನೆ, ಎಲ್ಲರೂ ಬನ್ನಿ ಎಂದು ಸಾರಿದ. ಆ ಭಾನುವಾರ ಎಲಿಯೋದೊರೊ ಧ್ವಜ ಹಿಡಿದು ಚರ್ಚಿನ ಮೆಟ್ಟಿಲ ಮೇಲೆ ನಿಂತ. "ಅಲ್ಲಿಗೆ ಹೋದ ಹೆಗಲು ನಮ್ಮ ತಾಯಿಯ ಪಲ್ಲಕ್ಕಿಗೆ ಬೇಡ" ಎಂದ. ಕೂಗಾಡಲಿಲ್ಲ, ಮೆಲ್ಲನೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕೂತವರೂ ಹೋಗಲಿಲ್ಲ. ಖಾಲಿ ಬೆಂಚುಗಳ ಮುಂದೆ ಆ ರೀಲು ಓಡಿ ಮುಗಿಯಿತಂತೆ.

ಕಣಜ ಮುಚ್ಚಿತು. ಮೆಲಿತೋನ್ ಯಂತ್ರ ಮಾರಿ ಲಾರಿ ಓಡಿಸತೊಡಗಿದ. ಎರಡು ಬೀದಿಯಾಚೆಯ ಮನೆ. ಎದುರಾದರೆ ಒಬ್ಬರು ಗೋಡೆ ನೋಡುವರು, ಇನ್ನೊಬ್ಬರು ಆಕಾಶ ನೋಡುವರು. ಬಸಿಲಿಯಾಳ ಮದುವೆಯ ದಿನ ಮೆಲಿತೋನ್ ಚೌಕದ ಆಚೆ ಬದಿಯಲ್ಲಿ ಟೋಪಿ ತೆಗೆದು ಹಿಡಿದು ನಿಂತಿದ್ದ. ಅವಳು ಅವನನ್ನು ಕಂಡಳು. ಅಪ್ಪ ಅವಳ ತೋಳು ಹಿಡಿದು ಮುಂದೆ ನಡೆಸಿದ್ದ.

ಈಗ ಟಿವಿಯಲ್ಲಿ ಚಿತ್ರ ನಿಲ್ಲಲಿಲ್ಲ.

ಉರಿಯ ಮುಂದೆ ಯಂತ್ರ ಕೂತಿದೆ. ಅದರ ಮಡಿಲಿನಲ್ಲೊಂದು ಮಗು. ಆ ಮಗುವಿನ ಪೆಟ್ಟಿಗೆ ಕೆಟ್ಟು, ಅದು ನೀಲಿಗಟ್ಟಿರುತ್ತದೆ. ಹಡಗಿನಲ್ಲಿದ್ದ ಮೇಜು, ಮಣೆ, ಸನ್ಯಾಸಿನಿಯ ಹಾಸಿಗೆ ಎಲ್ಲ ಮೊದಲೇ ಸುಟ್ಟಾಗಿದೆ. ಉರಿಸಲು ಉಳಿದಿದ್ದ ಕೊನೆಯ ಮರ ಅದೊಂದೇ. ಮಗುವಿನ ಕೆನ್ನೆಗೆ ಬಣ್ಣ ಬರುತ್ತದೆ, ಅಳುತ್ತದೆ. ಯಂತ್ರ ಅದನ್ನು ಮಲಗಿಸಿ ಗುಡಿಗೆ ಹೋಗುತ್ತದೆ. ಗೋಡೆಯಲ್ಲಿ ಶಿಲುಬೆಯಿದ್ದ ಜಾಗ ಬೆಳ್ಳಗೆ ಉಳಿದಿದೆ. ಅದನ್ನು ಬಹಳ ಹೊತ್ತು ನೋಡಿ, ತನ್ನ ಎಡಗೈಯನ್ನು ಭುಜದಿಂದ ಕಳಚುತ್ತದೆ. ಮೊಣಕೈಯಲ್ಲಿ ಎರಡಾಗಿ ಬಿಚ್ಚಿ, ಒಂದರ ಮೇಲೊಂದು ಅಡ್ಡವಿಟ್ಟು, ತಂತಿ ಸುತ್ತಿ, ಆ ಜಾಗದಲ್ಲಿ ತೂಗುಹಾಕುತ್ತದೆ. ಮೊಣಕಾಲೂರುತ್ತದೆ. ಜಪ ಮಾಡುತ್ತದೋ, ಸುಮ್ಮನೆ ಕೂತಿರುತ್ತದೋ, ಚಿತ್ರ ಹೇಳುವುದಿಲ್ಲ.

ಅಕ್ಷರಗಳು ಮೇಲೇರತೊಡಗಿದವು. ಎಲಿಯೋದೊರೊ ಅಲುಗಲಿಲ್ಲ.

"ಅಪ್ಪಾ?"

"ಇಷ್ಟೇನಾ? ಇಷ್ಟು ಚಿಕ್ಕ ರೀಲಾ ಅದು?" ಎಂದ. "ಇಷ್ಟು ಹೊತ್ತು ನನಗೆ ಕೂರೋಕಾಗ್ಲಿಲ್ವಾ?"

"ಅದು ಬರೋ ತನಕಾನೂ ಕೂರಬೇಕಿತ್ತಲ್ಲಪ್ಪ."

"ಚಿತ್ರ ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಾಗ್ತಿಲ್ಲ ಮಗಳೇ. ಸಂತೇಲಿ ನಿನ್ನ ಮುಖಕ್ಕೆ ಎಸೆದವರಲ್ಲಿ ನಾನೂ ಒಬ್ಬ ಇರ್ತಿದ್ನೋ ಏನೋ. ಆದ್ರೆ ನಮ್ಮ ಕೊಂಪಾದ್ರೆ ಸುಳ್ಳು ಹೇಳಿರಲಿಲ್ಲ. ಇನ್ನೊಂದು ರೀಲಿತ್ತು."

ಹೊತ್ತು ನೋಡಿದ. ಗೋಡೆಗೆ ತೂಗುಹಾಕಿದ್ದ ಕಪ್ಪು ಕೋಟು ತೆಗೆದುಕೊಂಡ. ಬಸಿಲಿಯಾ ಶಾಲು ಹೊದ್ದು ಜೊತೆಗೆ ನಡೆದಳು.

ದಾರಿಯಲ್ಲಿ ಅವನಿಗೆ ಒಂದೇ ಯೋಚನೆ. ಮೇಜು ಎತ್ತುವುದು ಮನೆಯವರ ಕೆಲಸವಲ್ಲ. ಮನೆಯವರು ಎತ್ತಿದರೆ ಸತ್ತವರನ್ನು ತಾವೇ ಹೊರಗಟ್ಟಿದಂತೆ. ಅದು ಕೊಂಪಾದ್ರೆ ಮಾಡಬೇಕಾದ ಕೆಲಸ. ಆ ಕೆಲಸವನ್ನು ಕೇಳಿ ಪಡೆಯಬೇಕು, ಕಾಲಿಗೆ ಬಿದ್ದಾದರೂ ಸರಿ. ಬದುಕಿದ್ದಾಗ ಒಂದು ಗಳಿಗೆ ಜೊತೆಗೆ ಕೂರಲಿಲ್ಲ, ಹೊರಡುವಾಗಲಾದರೂ ಕೈ ಕೊಟ್ಟು ಕಳಿಸಬೇಕು. ಇಷ್ಟನ್ನು ದಯಪಾಲಿಸು ತಾಯಿ ಎಂದು ಬೇಡಿಕೊಂಡ.

ಗ್ರೆಗೋರಿಯಾಳ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಮೆಲಿತೋನನ ಪಟ, ಕಬ್ಬಿನ ಜಲ್ಲೆ, ಮನುಷ್ಯರ ಆಕಾರದ ರೊಟ್ಟಿಗಳು, ಖಾರದ ಕೋಳಿ, ಬೇಯಿಸಿದ ಜೋಳ. ಮೇಜಿನ ಪಕ್ಕದಲ್ಲಿ, ಮನೆಯವರ ಸಾಲಿನಲ್ಲಿ, ಒಬ್ಬ ಬೋಳುತಲೆಯ ಮುದುಕ ತೋಳು ಮಡಿಸಿಕೊಂಡು ನಿಂತಿದ್ದ. ತಿಮೊತೆಯೋ.

ಎಲಿಯೋದೊರೊ ಟೋಪಿ ತೆಗೆದು, ಮೇಜಿನ ಮುಂದೆ ಮೊಣಕಾಲೂರಿ ಪರಲೋಕ ಮಂತ್ರ ಹೇಳಿದ. ನಮೋ ಮರಿಯಾ ಹೇಳುವಾಗ ಎರಡು ಸಲ ತಡವರಿಸಿದ. ಎದ್ದು ಗ್ರೆಗೋರಿಯಾಳ ಕಡೆ ತಿರುಗಿದ.

"ಕೊಮಾದ್ರೆ, ಮೇಜು..."

"ಮೇಜು ತಿಮೊತೆಯೋ ಎತ್ತುತ್ತಾರೆ," ಎಂದಳು ಅವಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಮ್ಮ ಕಿರಿಯವಳಿಗೆ ಅವರೇ ಜ್ಞಾನತಂದೆ. ನಿಮಗೆ ಗೊತ್ತಿರಲಿಲ್ವೇನೋ."

ಅವನಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಆದದ್ದು ಯಾವುದೂ ಅವನಿಗೆ ಗೊತ್ತಿರಲಿಲ್ಲ.

ತಿಮೊತೆಯೋ ಮುಜುಗರದಿಂದ ತಲೆ ಕೆರೆದುಕೊಂಡ. "ರೀಲು ತಪ್ಪಿಸಿದ ಮಾರನೇ ದಿನವೇ ಬಂದು ಕಾಲಿಗೆ ಬಿದ್ದೆ ಸ್ವಾಮಿ. ಒಳಗೆ ಸೇರಿಸ್ಲಿಲ್ಲ. ನಾಚಿಕೆ ಬಿಟ್ಟು ಮತ್ತೆ ಮತ್ತೆ ಬಂದೆ. ಕೊನೆಗೆ, ಬಾರಯ್ಯ ಕುಡುಕ, ನಿನ್ನ ಮುಖ ನೋಡಿ ನೋಡಿ ಸಾಕಾಯ್ತು, ಊಟ ಮಾಡು ಬಾ ಅಂದ್ರು."

ಅಲ್ಲಿದ್ದವರು ನಕ್ಕರು. ಗ್ರೆಗೋರಿಯಾಳೂ ತುಸು ನಕ್ಕಳು. ಎಲಿಯೋದೊರೊಗೆ ಆ ನಗೆಯೊಳಗೆ ಕಾಲಿಡಲು ಜಾಗ ಕಾಣಲಿಲ್ಲ.

"ಆ ಚಿತ್ರ ಇವತ್ತು ನೋಡಿದೆ ಕೊಮಾದ್ರೆ. ಬಸಿಲಿಯಾ ತಂದಿದ್ಲು. ಕೊನೇ ರೀಲೂ ನೋಡಿದೆ."

"ಹೌದಾ? ಹೇಗಿದೆ?"

"ಗೊತ್ತಿಲ್ಲ," ಎಂದ. ಅವನಿಗೆ ಸುಳ್ಳು ಹೇಳಲಾಗಲಿಲ್ಲ. "ಒಳ್ಳೇದೋ ಕೆಟ್ಟದ್ದೋ ಈಗಲೂ ಗೊತ್ತಾಗ್ಲಿಲ್ಲ."

ಗ್ರೆಗೋರಿಯಾ ಪಟದ ಕಡೆ ನೋಡಿದಳು.

"ಅವರಿಗೂ ಗೊತ್ತಾಗಿರಲಿಲ್ಲ. ಆ ಭಾನುವಾರ ಒಬ್ಬರೇ ನೋಡಿ ಮನೆಗೆ ಬಂದು, ಇದು ಸರಿಯಾ ಪಾಪಾನಾ ನನಗೆ ತಿಳೀತಿಲ್ಲ ಕಣೇ ಅಂದ್ರು. ಕೊಂಪಾದ್ರೆ ಬಂದ್ರೆ ಇಬ್ಬರೂ ಕೂತು ಮಾತಾಡಿದ್ರೆ ತಿಳೀಬಹುದು, ಅವರಿಗೆ ದೇವರ ವಿಷಯ ನನಗಿಂತ ಚೆನ್ನಾಗಿ ಗೊತ್ತು ಅಂದ್ರು. ಆಮೇಲೂ ಆಗಾಗ ಹೇಳ್ತಿದ್ರು."

ಎಲಿಯೋದೊರೊ ಟೋಪಿಯ ಅಂಚನ್ನು ಬೆರಳಿನಿಂದ ತೀಡುತ್ತ ನಿಂತ.

ಚರ್ಚಿನ ಗಂಟೆ ಬಾರಿಸತೊಡಗಿತು. ತಿಮೊತೆಯೋ ಮೇಜಿನ ಒಂದು ತುದಿ ಹಿಡಿದ. ಒಂದು ಕ್ಷಣ ಎಲಿಯೋದೊರೊನ ಮುಖ ನೋಡಿ, ಇನ್ನೊಂದು ತುದಿಯನ್ನು ಕಣ್ಣಿನಲ್ಲೇ ತೋರಿಸಿದ. ಎಲಿಯೋದೊರೊ ಒಂದು ಹೆಜ್ಜೆ ಇಟ್ಟ. ಆದರೆ ಆ ತುದಿಗೆ ಆಗಲೇ ತಿಮೊತೆಯೋನ ಮಗ ಬಂದು ಕೈ ಹಾಕಿದ್ದ. ಹೆಂಗಸರು ಅಳು ತೆಗೆದರು. ಬಸಿಲಿಯಾ ಪಟದ ಮುಂದೆ ಬಾಗಿ, ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಕರೆಯದಿದ್ದ ಹಾಗೆ, 'ಜ್ಞಾನತಂದೇ' ಎಂದು ಕರೆದಳು. ಗ್ರೆಗೋರಿಯಾ ಅವಳನ್ನು ಎದೆಗಪ್ಪಿಕೊಂಡಳು.

ಆಮೇಲೆ ಗ್ರೆಗೋರಿಯಾ ಬುಟ್ಟಿ ಹಿಡಿದು, ಪ್ರಾರ್ಥನೆಗೆ ಬಂದವರಿಗೆಲ್ಲ ಸಾಲಾಗಿ ರೊಟ್ಟಿ ಹಂಚುತ್ತ ಬಂದಳು. ಎಲಿಯೋದೊರೊ ಟೋಪಿಯನ್ನು ಅಂಗಾತ ಹಿಡಿದು ಒಡ್ಡಿದ. ದೂರದೂರಿಂದ ಬಂದ ಯಾರೋ ಅಪರಿಚಿತನಿಗೆ ಎಷ್ಟು ಹಾಕಿದಳೋ, ಇವನಿಗೂ ಅಷ್ಟೇ ಹಾಕಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ.

"ದೇವರು ಮೆಚ್ಚಲಿ," ಎಂದಳು, ಎಲ್ಲರಿಗೂ ಹೇಳಿದ ಹಾಗೆ. ಮುಂದಿನವರ ಕಡೆಗೆ ಹೋದಳು.